ಊರಿನ ನಕ್ಷೆ: ಸರಿಯೆ? ಪೂರ್ತಿಯೆ?

ಹತ್ತು ಪ್ರಶ್ನೆಗಳ ಪತ್ರಿಕೆಯಲ್ಲಿ ಒಬ್ಬ ವಿದ್ಯಾರ್ಥಿಯು ಎರಡಕ್ಕೆ ಮಾತ್ರ ಉತ್ತರ ಬರೆದು, ಆ ಎರಡನ್ನೂ ಒಂದಕ್ಷರ ತಪ್ಪಿಲ್ಲದೆ ಬರೆದನೆನ್ನೋಣ. ಇನ್ನೊಬ್ಬನು ಹತ್ತಕ್ಕೂ ಉತ್ತರ ಬರೆದು ಮೂರರಲ್ಲಿ ಎಡವಿದನೆನ್ನೋಣ. ಕೆಂಪು ಶಾಯಿಯ ಗೆರೆಗಳು ಬೀಳುವುದು ಎರಡನೆಯವನ ಪತ್ರಿಕೆಯ ಮೇಲೆ. ಮೊದಲನೆಯವನದು ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೂ ಯಾರು ತೇರ್ಗಡೆಯಾಗುವರು, ಯಾರು ಮುಂದಿನ ಸಲ ಮತ್ತೆ ಶುಲ್ಕ ಕಟ್ಟುವರು ಎಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ತಿಳಿಸಬೇಕಾದುದಿಲ್ಲ. ಪರೀಕ್ಷಕರು ಹಾಗೆ ನಿರ್ಣಯಿಸಬಲ್ಲರೆಂದರೆ ಅವರ ಬಳಿ ಪ್ರಶ್ನಪತ್ರಿಕೆ ಇದೆ. ಏನೇನು ಬರೆಯಬೇಕಾಗಿತ್ತೆಂಬುದು ಅವರಿಗೆ ಗೊತ್ತಿದೆ. ಪ್ರಶ್ನಪತ್ರಿಕೆ ಕಳೆದುಹೋಗಿ ಉತ್ತರಗಳಷ್ಟೇ ಮೇಜಿನ ಮೇಲೆ ಉಳಿದಿದ್ದರೆ, ಎರಡೇ ಉತ್ತರ ಬರೆದವನಿಗೆ ಪೂರ್ಣಾಂಕ ಸಿಕ್ಕರೂ ಆಶ್ಚರ್ಯವಿಲ್ಲ. ಊರಿನ ನಕ್ಷೆಯನ್ನು ಪರೀಕ್ಷಿಸುವಾಗ ಬರುವ ತೊಡಕು ಇದೇ. ಬರೆದದ್ದು ಸರಿಯೆ ಎಂದು ಕೇಳುವುದು ಒಂದು. ಬರೆಯಬೇಕಾದದ್ದೆಲ್ಲ ಇದೆಯೆ ಎಂದು ಕೇಳುವುದು ಬೇರೊಂದು. ಮೊದಲನೆಯ ಪ್ರಶ್ನೆಗೆ ನಕ್ಷೆಯನ್ನು ಮುಂದಿಟ್ಟುಕೊಂಡು ಉತ್ತರ ಹುಡುಕಲು ತೊಡಗಬಹುದು. ಎರಡನೆಯದಕ್ಕೆ ನಕ್ಷೆಯನ್ನು ಮಡಿಚಿಟ್ಟು ಊರಿನೊಳಕ್ಕೆ ಇಳಿಯಬೇಕಾಗುತ್ತದೆ.

ನಾನು ಹೇಳಹೊರಟಿರುವುದು ಸ್ವಯಂಸೇವಕರು ಬರೆಯುವ ನಕ್ಷೆಗಳ ವಿಷಯ. ನಮ್ಮಲ್ಲಿ ನಕ್ಷೆಯೆಂದರೆ ಬಹುಕಾಲ ಸರ್ಕಾರದ ಸೊತ್ತಾಗಿತ್ತು. ಭಾರತದ ಸರ್ವೇಕ್ಷಣಾ ಇಲಾಖೆಯು ೧೭೬೭ರಲ್ಲಿ ಹುಟ್ಟಿದ್ದು. ಹಳ್ಳಿಗಳಲ್ಲಿ ಸರ್ವೆಯವರು ಸರಪಳಿ ಹಿಡಿದು ಬಂದರೆಂದರೆ ಊರಿಗೆ ಊರೇ ಬದುವಿನ ಮೇಲೆ ನಿಂತು ನೋಡುತ್ತಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ೨೦೦೪ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬುವರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಹೊಸ ಬಗೆಯ ನಕ್ಷೆಯನ್ನು ಆರಂಭಿಸಿದರು. ಅಲ್ಲಿಯ ಸರ್ಕಾರಿ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳು ಬಲು ಉತ್ತಮವಾಗಿದ್ದರೂ ಹಣ ತೆತ್ತು ಅನುಮತಿ ಪಡೆಯದೆ ಅವುಗಳ ಮಾಹಿತಿಯನ್ನು ಬಳಸುವಂತಿರಲಿಲ್ಲ. ಹೀಗಿರಲು, ಜನರೇ ತಮ್ಮ ತಮ್ಮ ಬೀದಿಗಳನ್ನು ಅಳೆದು ಒಂದೆಡೆ ಕೂಡಿಸಿದರೆ ಹೇಗೆ ಎಂಬುದು ಅವರ ಯೋಚನೆ. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಕುಳಿತವರೂ ಮೊಬೈಲು ಹಿಡಿದು ನಡೆದು, ಇಲ್ಲವೆ ಉಪಗ್ರಹದಿಂದ ತೆಗೆದ ಚಿತ್ರದ ಮೇಲೆ ಗೆರೆ ಎಳೆದು, ರಸ್ತೆ, ಕೆರೆ, ಗುಡಿ, ಅಂಗಡಿಗಳನ್ನು ಅದರಲ್ಲಿ ಸೇರಿಸಬಹುದು; ಬೇರೆಯವರು ಬರೆದುದನ್ನು ತಿದ್ದಲೂಬಹುದು. ಯಾರು, ಯಾವ ದಿನ, ಏನನ್ನು ಬದಲಿಸಿದರೆಂಬುದೆಲ್ಲ ದಾಖಲಾಗಿ ಉಳಿಯುತ್ತದೆ. ನಮ್ಮ ದೇಶದಲ್ಲಿಯೂ ೨೦೨೧ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹೊಸ ಮಾರ್ಗಸೂಚಿಯನ್ನು ಹೊರಡಿಸಿ, ಭಾರತೀಯರು ಭೂಮಾಹಿತಿಯನ್ನು ಸಂಗ್ರಹಿಸಿ ಪ್ರಕಟಿಸಲು ಹಿಂದೆ ಬೇಕಾಗಿದ್ದ ಪೂರ್ವಾನುಮತಿಯ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು.

ಸಂಬಳವಿಲ್ಲದೆ, ತರಬೇತಿಯಿಲ್ಲದೆ, ಮನಸ್ಸು ಬಂದಾಗ ಮಾಡಿದ ಕೆಲಸ ನಂಬಲು ತಕ್ಕುದೆ ಎಂಬ ಅನುಮಾನ ಯಾರಿಗಾದರೂ ಬರತಕ್ಕದ್ದೆ. ನಮ್ಮ ಭೂಗೋಳದ ಅಧ್ಯಾಪಕರು ಈ ವಿಷಯವನ್ನು ತರಗತಿಯಲ್ಲಿ ಎತ್ತಿದಾಗ ನಮ್ಮಲ್ಲಿ ಎರಡು ಪಕ್ಷಗಳಾದವು. ‘ತಪ್ಪಿದ್ದರೂ ಚಿಂತೆಯಿಲ್ಲ, ಮೊದಲು ಎಲ್ಲವೂ ನಕ್ಷೆಗೆ ಬರಲಿ’ ಎಂದವರು ಕೆಲವರು. ‘ತಪ್ಪು ನಕ್ಷೆಗಿಂತ ಖಾಲಿ ನಕ್ಷೆಯೇ ಮೇಲು’ ಎಂದವರು ಕೆಲವರು. ಗಂಟೆ ಬಾರಿಸಿದ್ದರಿಂದ ಚರ್ಚೆ ನಿಂತಿತು. ಆದರೆ ಆ ಎರಡು ಪಕ್ಷಗಳ ಹೆಸರು ಮಾತ್ರ ಭೂಮಾಹಿತಿಯ ಗುಣಮಟ್ಟವನ್ನು ಕುರಿತ ಅಂತರರಾಷ್ಟ್ರೀಯ ಮಾನಕದಲ್ಲಿಯೇ ಇವೆ. ಅದರಲ್ಲಿ ಗುಣಮಟ್ಟವನ್ನು ಒಂದೇ ಮಾತಿನಲ್ಲಿ ಹೇಳಿಲ್ಲ. ಸ್ಥಾನ ಎಷ್ಟು ಖಚಿತ, ಹೆಸರು ಮತ್ತು ಬಗೆ ಎಷ್ಟು ಸರಿ, ಕಾಲಕ್ಕೆ ತಕ್ಕಂತೆ ಇದೆಯೆ, ಒಂದು ಅಂಶಕ್ಕೂ ಮತ್ತೊಂದಕ್ಕೂ ವಿರೋಧವಿದೆಯೆ, ಇವುಗಳ ಜೊತೆಗೆ ಪೂರ್ಣತೆಯೆಂಬುದನ್ನು ಬೇರೆಯಾಗಿಯೇ ಹೇಳಿದೆ. ಪೂರ್ಣತೆಗೂ ಎರಡು ಮುಖಗಳು: ಇರುವುದನ್ನು ಬಿಟ್ಟಿರುವುದು, ಇಲ್ಲದ್ದನ್ನು ಸೇರಿಸಿರುವುದು. ಹರಿಹರದಲ್ಲಿ ೧೩ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ಒಬ್ಬರು ಚುಕ್ಕೆಯಾಗಿ ಗುರುತಿಸಿ, ಮತ್ತೊಬ್ಬರು ಕಟ್ಟಡವಾಗಿ ಬರೆದು, ಎರಡಕ್ಕೂ ಹೆಸರು ಕೊಟ್ಟರೆಂದುಕೊಳ್ಳಿ. ಎಣಿಸುವ ಯಂತ್ರಕ್ಕೆ ಎರಡು ದೇವಾಲಯಗಳಾದವು. ಇದು ಎರಡನೆಯ ಮುಖ.

ಸ್ಥಾನದ ಖಚಿತತೆಯನ್ನು ಅಳೆಯುವುದು ಹಳೆಯ ವಿದ್ಯೆ. ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೆಣೆಯುತ್ತ ಪಶ್ಚಿಮಕ್ಕೆ ಬಂದು, ೧೮೦೪ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಯಿಸಿದನು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇದ್ದ ಅಂತರ ಕೆಲವೇ ಅಂಗುಲ. ಒಂದು ಅಳತೆಯನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಅಳತೆಯಿಂದ ಪರೀಕ್ಷಿಸುವ ಕ್ರಮವಿದು. ಸ್ವಯಂಸೇವಕರ ನಕ್ಷೆಗೂ ಇದನ್ನೇ ಅನ್ವಯಿಸುತ್ತಾರೆ. ನಂಬಿಕೆಗೆ ಅರ್ಹವಾದ ನಕ್ಷೆಯಲ್ಲಿರುವ ರಸ್ತೆಯ ಎರಡು ಪಕ್ಕಕ್ಕೂ ಇಷ್ಟು ಮೀಟರಿನ ಪಟ್ಟಿಯೊಂದನ್ನು ಎಳೆದು, ಸ್ವಯಂಸೇವಕರ ಗೆರೆಯಲ್ಲಿ ಎಷ್ಟು ಭಾಗ ಆ ಪಟ್ಟಿಯೊಳಗೆ ಬೀಳುತ್ತದೆಂದು ನೋಡುತ್ತಾರೆ. ಲಂಡನ್ನಿನ ಮುಕಿ ಹ್ಯಾಕ್ಲೆ ಎಂಬ ಪ್ರಾಧ್ಯಾಪಕರು ಓಪನ್‌ಸ್ಟ್ರೀಟ್‌ಮ್ಯಾಪನ್ನು ಆರ್ಡ್‌ನೆನ್ಸ್ ಸರ್ವೆಯೊಡನೆ ಹೀಗೆ ಹೋಲಿಸಿ ೨೦೧೦ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಅವರ ಲೆಕ್ಕದಲ್ಲಿ ಸ್ವಯಂಸೇವಕರ ಗೆರೆಗಳು ಸರಾಸರಿಯಲ್ಲಿ ಸುಮಾರು ೬ ಮೀಟರುಗಳೊಳಗೆ ಇದ್ದವು. ಹವ್ಯಾಸಿಗಳ ಮಟ್ಟಿಗೆ ಇದು ಕಡಮೆ ಸಾಧನೆಯಲ್ಲ.

ಆದರೆ ೬ ಮೀಟರು ಎಂಬುದಕ್ಕೆ ಎಲ್ಲ ಕಡೆಯೂ ಒಂದೇ ಬೆಲೆಯಿಲ್ಲ. ನಮ್ಮ ಪಿ.ಬಿ. ರಸ್ತೆಯಲ್ಲಿ ೬ ಮೀಟರು ಆಚೀಚೆಯಾದರೆ ಗೆರೆ ರಸ್ತೆಯ ಮೇಲೆಯೇ ಉಳಿದೀತು. ಮಂಡಕ್ಕಿ ಭಟ್ಟಿಗಳ ಕಡೆಯ ಓಣಿಗಳಲ್ಲಿ ಎದುರುಬದುರು ಮನೆಯವರು ಕೈ ಚಾಚಿ ಬಟ್ಟಲು ಕೊಟ್ಟುಕೊಳ್ಳುವಷ್ಟೇ ಅಗಲ. ಅಲ್ಲಿ ೬ ಮೀಟರು ಜರುಗಿದರೆ ಓಣಿಯು ಪಕ್ಕದ ಸಾಲಿನ ಅಡಿಗೆಮನೆಗಳ ನಡುವೆ ಹಾದುಹೋಗುತ್ತದೆ. ಬಯಲಿನಲ್ಲಿ ಸುಮಾರು ೫ ಮೀಟರಿನಷ್ಟು ಸರಿಯಾಗಿ ಜಾಗ ತೋರಿಸುವ ಮೊಬೈಲು ಕೂಡ ಗೋಡೆಗಳ ಸಂದಿಯಲ್ಲಿ ತಡವರಿಸುವುದು. ಉಪಗ್ರಹದ ಚಿತ್ರವೂ ಕೆಲವು ಮೀಟರು ಪಕ್ಕಕ್ಕೆ ಸರಿದು ಕೂತಿರುವುದುಂಟು. ಮೇಲಾಗಿ ತಗಡಿನ ಮಾಡುಗಳು ಒಂದಕ್ಕೊಂದು ತಾಗಿಕೊಂಡಿರುವ ಕಡೆ, ಮೇಲಿನಿಂದ ನೋಡಿದವರಿಗೆ ಓಣಿಯೇ ಕಾಣದು. ಅಂದರೆ ಬಡವರ ಕೇರಿಗಳಲ್ಲಿ ಬರೆಯುವುದೂ ಕಷ್ಟ, ಬರೆದುದು ಸರಿಯಾಗಿರುವುದೂ ಕಷ್ಟ. ಈ ಎರಡು ಕಷ್ಟಗಳು ಒಂದೇ ಜಾಗದಲ್ಲಿ ಕೂಡುತ್ತವೆಂಬುದನ್ನು ಸರಾಸರಿಯ ಅಂಕಿ ಹೇಳುವುದಿಲ್ಲ.

ಹೋಲಿಸಲು ಇಟ್ಟುಕೊಂಡ ನಕ್ಷೆಯಾದರೂ ಎಷ್ಟು ಸರಿ ಎಂಬ ಪ್ರಶ್ನೆಯೂ ಉಂಟು. ಸರ್ವೇಕ್ಷಣಾ ಇಲಾಖೆಯು ಸಾರ್ವಜನಿಕರಿಗೆ ಒದಗಿಸುವ ೧:೫೦,೦೦೦ ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರು ಎಂದರೆ ನೆಲದ ಮೇಲೆ ೫೦ ಮೀಟರು. ಪೆನ್ಸಿಲಿನ ಮೊನೆಯ ಅಗಲದಲ್ಲಿಯೇ ಒಂದು ಓಣಿ ಮುಚ್ಚಿಹೋಗುತ್ತದೆ. ಇಂತಹ ಹಾಳೆಯ ಮುಂದೆ ಮೊಬೈಲಿನ ಗೆರೆಯನ್ನಿಟ್ಟು ತಪ್ಪು ಹುಡುಕುವುದು, ಅಕ್ಕಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. (ಈ ಹಾಳೆಗಳ ಶ್ರೇಣಿಗೂ ‘ಓಪನ್ ಸೀರೀಸ್ ಮ್ಯಾಪ್’ ಎಂಬ ಹೆಸರಿರುವುದರಿಂದ ಎರಡನ್ನೂ ಓ.ಎಸ್.ಎಂ. ಎಂದೇ ಕರೆಯುತ್ತಾರೆ. ಪರೀಕ್ಷೆಯಲ್ಲಿ ಕೇಳಿದರೆ ಜೋಕೆ!)

ಇನ್ನು ಪೂರ್ಣತೆ. ಹ್ಯಾಕ್ಲೆಯವರ ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯಿದೆ, ಅದನ್ನು ಹೆಚ್ಚು ಜನ ಉದಾಹರಿಸುವುದಿಲ್ಲ. ಮೊದಲ ನಾಲ್ಕು ವರ್ಷಗಳಲ್ಲಿ ಸ್ವಯಂಸೇವಕರು ಹಿಡಿದದ್ದು ಇಂಗ್ಲೆಂಡಿನ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು ೨೯ ಮಾತ್ರ. ಅದರಲ್ಲಿಯೂ ನೂರಕ್ಕೆ ೨೪ರಷ್ಟು, ಹೆಸರು ಮುಂತಾದ ವಿವರಗಳು ಪೂರ್ತಿಯಿಲ್ಲದ ಬರಿಯ ಗೆರೆಗಳು. ಬರೆದುದು ೬ ಮೀಟರಿನಷ್ಟು ಖಚಿತ. ಬರೆಯದೆ ಉಳಿದುದೇ ಹೆಚ್ಚು. ಒಂದೇ ನಕ್ಷೆಗೆ ಎರಡೂ ಮಾತು ಸಲ್ಲುತ್ತವೆ. ಇನ್ನೂ ಗಮನಿಸಬೇಕಾದುದೆಂದರೆ, ಬಡ ಜನರ ಬಡಾವಣೆಗಳು ಶ್ರೀಮಂತರ ಬಡಾವಣೆಗಳಿಗಿಂತ ಕಡಮೆ ತುಂಬಿದ್ದವು. ಇದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಬಿಡುವಿರುವವರು, ಯಂತ್ರವಿರುವವರು ತಾವಿರುವ ಬೀದಿಯನ್ನು ಮೊದಲು ಬರೆದರು, ಅಷ್ಟೆ.

ಮುಂದೆ ೨೦೧೭ರಲ್ಲಿ ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬಿಬ್ಬರು ಇಡೀ ಪ್ರಪಂಚದ ರಸ್ತೆಗಳ ಮಟ್ಟಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ನೂರಕ್ಕೆ ಸುಮಾರು ೮೩ರಷ್ಟು ಪೂರ್ಣವೆಂದು ಅಂದಾಜು ಮಾಡಿದರು. ಜನ ವಿರಳವಾಗಿರುವ ಕಡೆಯೂ ತೀರ ದಟ್ಟವಾಗಿರುವ ನಗರಗಳಲ್ಲಿಯೂ ನಕ್ಷೆ ಚೆನ್ನಾಗಿ ತುಂಬಿದ್ದು, ನಡುವಣ ಸ್ಥಳಗಳು ಹಿಂದುಳಿದಿದ್ದವೆಂದು ಅವರು ಕಂಡರು. ಅವರು ಬಳಸಿದ ಉಪಾಯಗಳು ಎರಡು. ಒಂದು, ಚೀಟಿ ಎತ್ತಿದಂತೆ ಅಲ್ಲಲ್ಲಿ ಬಿಂದುಗಳನ್ನು ಆರಿಸಿ ಉಪಗ್ರಹ ಚಿತ್ರದಲ್ಲಿ ಕಾಣುವ ರಸ್ತೆ ನಕ್ಷೆಯಲ್ಲಿದೆಯೆ ಎಂದು ಕಣ್ಣಾರೆ ನೋಡುವುದು. ಇನ್ನೊಂದು ಜಾಣತನದ್ದು: ಒಂದು ಪ್ರದೇಶದಲ್ಲಿ ವರ್ಷವರ್ಷಕ್ಕೆ ಸೇರಿದ ರಸ್ತೆಗಳ ಉದ್ದವನ್ನು ಗೆರೆಯಾಗಿ ಎಳೆದರೆ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಏರಿ, ಕಡೆಗೆ ಮಟ್ಟಸವಾಗುತ್ತದೆ. ಸೇರಿಸಲು ಹೊಸ ರಸ್ತೆ ಉಳಿದಿಲ್ಲವಾದ್ದರಿಂದ ಮಟ್ಟಸವಾಯಿತೆಂದು ಊಹೆ. ದೇಶದ ಮಟ್ಟಿಗೆ ಈ ಊಹೆ ಒಪ್ಪಬಹುದಾದುದು. ನಮ್ಮಂತಹ ಊರಿಗೆ ಒಪ್ಪಲು ನನಗೆ ಅನುಮಾನ. ದಾವಣಗೆರೆಯಲ್ಲಿಯೋ ಹರಿಹರದಲ್ಲಿಯೋ ನಕ್ಷೆಯ ಹುಚ್ಚು ಹಿಡಿದ ಒಬ್ಬಿಬ್ಬರು ವಿದ್ಯಾರ್ಥಿಗಳಿದ್ದು, ಅವರು ಪದವಿ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಗೆರೆ ಮಟ್ಟಸವಾಗುತ್ತದೆ. ಆಗ ಮುಗಿದದ್ದು ಊರಿನ ರಸ್ತೆಗಳಲ್ಲ.

ಪ್ರಶ್ನಪತ್ರಿಕೆಯೇ ಇಲ್ಲದ ಕಡೆ ಎಷ್ಟು ಬಿಟ್ಟುಹೋಗಿದೆಯೆಂದು ಹೇಳಲು ಸಾಧ್ಯವೆ? ಸಾಧ್ಯವೆಂದು ತೋರಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಚಂದ್ರಶೇಖರನ್ ಎಂಬ ಸಂಖ್ಯಾಶಾಸ್ತ್ರಜ್ಞರು ಅಮೆರಿಕದ ಡೆಮಿಂಗ್ ಅವರೊಡನೆ ೧೯೪೯ರಲ್ಲಿ ಒಂದು ಲೇಖನ ಬರೆದರು. ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಜನನ ಮರಣಗಳ ಎರಡು ಪಟ್ಟಿಗಳಿದ್ದವು: ಒಂದು ನೋಂದಣಿಯವರದು, ಇನ್ನೊಂದು ಮನೆಮನೆಗೆ ಹೋಗಿ ಕೇಳಿದ್ದು. ಎರಡೂ ಅಪೂರ್ಣವೇ. ಎರಡರಲ್ಲಿಯೂ ಸಿಕ್ಕಿದವೆಷ್ಟು, ಒಂದರಲ್ಲಿ ಮಾತ್ರ ಸಿಕ್ಕಿದವೆಷ್ಟು ಎಂಬುದರಿಂದ, ಎರಡರಲ್ಲಿಯೂ ಸಿಗದೆ ಹೋದವನ್ನು ಅವರು ಅಂದಾಜು ಮಾಡಿದರು.

ಇದನ್ನು ನಮ್ಮ ಮಂಡಿಪೇಟೆಯ ಒಂದು ಸಾಲಿಗೆ ಅನ್ವಯಿಸಿ ನೋಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಕಲ್ಪಿಸಿದವು. ನಕ್ಷೆಯಲ್ಲಿ ೪೫ ಅಂಗಡಿಗಳಿವೆ. ನಕ್ಷೆಯನ್ನು ನೋಡದೆಯೇ ಗೆಳೆಯನೊಬ್ಬನು ನಡೆದುಹೋಗಿ ೬೦ ಅಂಗಡಿಗಳ ಪಟ್ಟಿ ತಂದನು. ಎರಡರಲ್ಲಿಯೂ ಇರುವವು ೩೬. ಗೆಳೆಯನು ಕಂಡ ೬೦ರಲ್ಲಿ ನಕ್ಷೆಯಲ್ಲಿರುವವು ೩೬ ಎಂದರೆ ನಕ್ಷೆಯು ನೂರಕ್ಕೆ ೬೦ರಷ್ಟನ್ನು ಹಿಡಿದಿದೆ. ನಕ್ಷೆಯಲ್ಲಿರುವ ೪೫ ಅಂಗಡಿಗಳು ಒಟ್ಟಿನ ನೂರಕ್ಕೆ ೬೦ರಷ್ಟಾದರೆ ಒಟ್ಟು ೭೫ ಆಗಬೇಕು. ಅಂದರೆ ನಕ್ಷೆಗೂ ಗೆಳೆಯನಿಗೂ ಇಬ್ಬರಿಗೂ ಕಾಣದೆ ಹೋದ ಅಂಗಡಿಗಳು ೬. ಆ ಆರನ್ನು ಯಾರೂ ನೋಡಿಲ್ಲ; ಆದರೂ ಅವು ಲೆಕ್ಕಕ್ಕೆ ಬಂದವು. ಮೊದಲ ಸಲ ಈ ಲೆಕ್ಕವನ್ನು ಮಾಡಿದ ದಿನ ನನಗೆ ಮಾಟ ಕಂಡಂತಾಯಿತು.

ಮಾಟಕ್ಕೂ ಮಿತಿಯುಂಟು. ಎರಡು ಪಟ್ಟಿಗಳು ಒಂದನ್ನೊಂದು ಅವಲಂಬಿಸಿರಬಾರದು, ಮತ್ತು ಪ್ರತಿಯೊಂದು ಅಂಗಡಿಗೂ ಕಾಣಿಸಿಕೊಳ್ಳುವ ಅವಕಾಶ ಸಮನಾಗಿರಬೇಕು. ಬೋರ್ಡು ಹಾಕಿದ ಅಂಗಡಿ ಇಬ್ಬರಿಗೂ ಕಾಣುತ್ತದೆ. ಒಳಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡ ಹೆಂಗಸು, ನಡುಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಅಜ್ಜಿ ಇಬ್ಬರಿಗೂ ಕಾಣುವುದಿಲ್ಲ. ಇಂತಹವರು ಹೆಚ್ಚಾಗಿದ್ದಷ್ಟೂ ನಮ್ಮ ಅಂದಾಜು ನಿಜಕ್ಕಿಂತ ಕೆಳಗೆ ಬೀಳುತ್ತದೆ. ನಕ್ಷೆ ಇರುವುದಕ್ಕಿಂತ ಪೂರ್ಣವೆಂದು ತೋರುತ್ತದೆ. ಆದುದರಿಂದ ಎರಡನೆಯ ಪಟ್ಟಿಯನ್ನು ಮಾಡುವವರು ಮೊದಲನೆಯವರಂತಹ ಗಂಡುಹುಡುಗರೇ ಆಗಿರಬಾರದೆಂದು ನನ್ನ ಅಭಿಪ್ರಾಯ. ನಮ್ಮ ತರಗತಿಯ ಹೆಣ್ಣುಮಕ್ಕಳು ಒಳಮನೆಯವರೆಗೆ ಹೋಗಿ ಬರೆದ ಪಟ್ಟಿ ಬೇರೆಯೇ ಆದೀತು. ಜನಗಣತಿಯವರೂ ಎಣಿಕೆ ಮುಗಿದ ಮೇಲೆ ಆರಿಸಿದ ಕೆಲವು ಕಡೆ ಮತ್ತೆ ಹೋಗಿ ಪರೀಕ್ಷಿಸುತ್ತಾರೆ. ೨೦೧೧ರ ಗಣತಿಯಲ್ಲಿ ಸಾವಿರಕ್ಕೆ ೨೩ ಜನ ಬಿಟ್ಟುಹೋದರೆಂದು ಅಂಥ ಪರೀಕ್ಷೆಯಿಂದಲೇ ತಿಳಿದದ್ದು. ತನ್ನ ಎಣಿಕೆಯಲ್ಲಿ ಎಷ್ಟು ತಪ್ಪಿಹೋಯಿತೆಂದು ತಾನೇ ಎಣಿಸುವ ಈ ಪದ್ಧತಿಯನ್ನು ನಾನು ಬಹಳ ಮೆಚ್ಚುತ್ತೇನೆ.

ಇಷ್ಟೆಲ್ಲ ಲೆಕ್ಕ ಯಾರಿಗಾಗಿ ಎಂದು ಕೇಳುವವರಿಗೆ ನಮ್ಮ ಓಣಿಯ ಸಂಗತಿಯೊಂದನ್ನು ಹೇಳಬೇಕು. ನಮ್ಮ ತಂದೆ ಹಮಾಲಿ. ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ತಂದೆಗೆ ಓದು ಬರದಿದ್ದರೂ ಊರಿನ ಯಾವ ಗೋದಾಮಿಗೆ ಯಾವ ಸಂದಿಯಿಂದ ಗಾಡಿ ತಿರುಗಿಸಬೇಕೆಂಬುದು ಬಾಯಿಪಾಠ. ಎರಡು ವರ್ಷಗಳ ಹಿಂದೆ ಮಳೆಯ ರಾತ್ರಿ ಪಕ್ಕದ ಮನೆಯ ಅಕ್ಕನಿಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಯ ವಾಹನವೊಂದನ್ನು ಕರೆಸಿದೆವು. ಚಾಲಕನು ಹೊರ ಊರಿನವನು. ಅವನ ಮೊಬೈಲಿನ ನಕ್ಷೆಯಲ್ಲಿ ದೊಡ್ಡ ರಸ್ತೆಯಿಂದ ಒಳಕ್ಕೆ ಏನೂ ಇರಲಿಲ್ಲ. ಆದುದರಿಂದ ಅವನು ಅಲ್ಲಿಯೇ ನಿಂತು ಫೋನು ಮಾಡಿದನು. ನಮ್ಮ ತಂದೆ ಕೊಡೆ ಹಿಡಿದು ಓಡಿಹೋಗಿ ಕರೆತಂದರು. ತಾಯಿ ಮಗು ಸುಖವಾಗಿದ್ದಾರೆ. ಆಮೇಲೆ ಯಾರೋ ಪುಣ್ಯಾತ್ಮರು, ಬಹುಶಃ ಉಪಗ್ರಹದ ಚಿತ್ರ ನೋಡಿ, ಒಂದು ನಕ್ಷೆಯಲ್ಲಿ ನಮ್ಮ ಓಣಿಯನ್ನು ಆಚೆಯ ರಸ್ತೆಯವರೆಗೆ ನೆಟ್ಟಗೆ ಎಳೆದಿದ್ದಾರೆ. ನಿಜವಾಗಿ ಆ ತುದಿಯಲ್ಲಿ ಚರಂಡಿಯೂ ಅದನ್ನು ದಾಟಲು ಮೂರು ಮೆಟ್ಟಿಲೂ ಇವೆ; ಸೈಕಲ್ಲನ್ನು ಹೊತ್ತುಕೊಂಡು ಇಳಿಯಬೇಕು. ಈಗ ವಾಹನ ಬಂದರೆ ಅದು ನಿಂತು ಕೇಳಲಿಕ್ಕಿಲ್ಲ. ಆಚೆಯಿಂದ ನುಗ್ಗಿ, ಮೆಟ್ಟಿಲಿನ ಮುಂದೆ ಸಿಕ್ಕಿಕೊಂಡು, ಹಿಂದಕ್ಕೆ ಬರಲು ಪರದಾಡಬೇಕಾದೀತು.

ಪೂರ್ಣತೆಯ ಲೆಕ್ಕದಲ್ಲಿ ನಮ್ಮ ಓಣಿ ಈಗ ಪಾಸಾಗಿದೆ. ಸ್ಥಾನದ ಲೆಕ್ಕದಲ್ಲಿಯೂ ಪಾಸಾಗುವುದು, ಗೆರೆ ಓಣಿಯ ಮೇಲೆಯೇ ಇದೆ. ನಪಾಸಾಗಿರುವುದು ಮೆಟ್ಟಿಲಿನ ವಿಷಯದಲ್ಲಿ. ಖಾಲಿ ಬಿಟ್ಟ ನಕ್ಷೆ ಮನುಷ್ಯನನ್ನು ಕೇಳುವಂತೆ ಮಾಡುತ್ತದೆ, ತಪ್ಪಾಗಿ ತುಂಬಿದ ನಕ್ಷೆ ಕೇಳದಂತೆ ಮಾಡುತ್ತದೆ. ಹಾಗಾದರೆ ಖಾಲಿಯೇ ಮೇಲು ಎಂದ ಪಕ್ಷ ಗೆದ್ದಿತೆ? ನನಗೆ ಹಾಗೆ ತೋರುವುದಿಲ್ಲ. ೨೦೧೦ರ ಜನವರಿಯಲ್ಲಿ ಹೈಟಿ ದೇಶದ ಪೋರ್ಟ್-ಓ-ಪ್ರಿನ್ಸ್ ನಗರ ಭೂಕಂಪದಲ್ಲಿ ಕುಸಿದಾಗ ಅಲ್ಲಿಯ ಬೀದಿಗಳ ಒಳ್ಳೆಯ ನಕ್ಷೆ ಸಿಗುವಂತಿರಲಿಲ್ಲ. ನಾನಾ ದೇಶಗಳ ನೂರಾರು ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಚಿತ್ರಗಳನ್ನು ನೋಡಿ ಊರನ್ನೇ ಬರೆದುಕೊಟ್ಟರು. ಪರಿಹಾರದವರಿಗೆ ಆಗ ಬೇಕಾಗಿದ್ದುದು ತಪ್ಪಿಲ್ಲದ ನಾಲ್ಕು ಬೀದಿಗಳಲ್ಲ, ಸುಮಾರಾಗಿಯಾದರೂ ಎಲ್ಲ ಬೀದಿಗಳು. ಕೊಳಾಯಿ ಹಾಕಿಸುವ, ಬೀದಿದೀಪ ಲೆಕ್ಕ ಹಾಕುವ ಕಚೇರಿಯ ಮೇಜಿನ ಮೇಲೆಯೂ ಖಾಲಿ ಜಾಗಕ್ಕೆ ‘ಇಲ್ಲಿ ಯಾರೂ ಇಲ್ಲ’ ಎಂದೇ ಅರ್ಥ. ಅಲ್ಲಿ ನಕ್ಷೆ ನೋಡುವವನು ಕೊಡೆ ಹಿಡಿದು ಬಂದ ಯಾರನ್ನೂ ಭೇಟಿಯಾಗುವುದಿಲ್ಲ. ಯಾವ ತಪ್ಪು ಹೆಚ್ಚು ದುಬಾರಿಯೆಂಬುದು ನಕ್ಷೆಯನ್ನು ಹಿಡಿದಿರುವ ಕೈಯನ್ನು ಅವಲಂಬಿಸಿದೆ. ಎರಡು ಅಳತೆಗಳನ್ನು ಬೆರಸಿ ಒಂದೇ ಅಂಕಿಯಾಗಿ ಹೇಳಬಾರದೆನ್ನಲು ನನಗೆ ಇರುವ ಕಾರಣ ಇದು.

ಕಾಲದ ವಿಷಯ ಬೇರೊಂದು ತಮಾಷೆ. ಯಾರೂ ಮುಟ್ಟದಿದ್ದರೂ ನಕ್ಷೆ ತಪ್ಪಾಗುತ್ತ ಹೋಗುತ್ತದೆ. ನಮ್ಮ ಹೆದ್ದಾರಿ ೪ನೆಯ ನಂಬರಿನದಾಗಿತ್ತು. ೨೦೧೦ರ ಹೊಸ ಎಣಿಕೆಯಲ್ಲಿ ೪೮ ಆಯಿತು. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದು, ೨೦೧೮ರಲ್ಲಿ ಬಳ್ಳಾರಿಗೆ ಹಿಂದಿರುಗಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯ ರೈತನು ಹೊಲ ಬಿಟ್ಟು ಕದಲದೆ ಮೂರು ಜಿಲ್ಲೆ ತಿರುಗಿದನು. ದಾವಣಗೆರೆಯ ಕಾಟನ್ ಮಿಲ್ಲು ನಿಂತು ಎಷ್ಟೋ ಕಾಲವಾಯಿತು, ಡಿ.ಸಿ.ಎಂ. ಟೌನ್‌ಶಿಪ್ ಎಂಬ ಹೆಸರು ಉಳಿದಿದೆ. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದೆ. ಆಟೋದವರಿಗೆ ಈಗಲೂ ಅದೇ ಗುರುತು. ಇಂತಹ ಹೆಸರನ್ನು ಕಾರ್ಖಾನೆಯೆಂದು ಬರೆದರೆ ತಪ್ಪು, ಸ್ಥಳವೆಂದು ಬರೆದರೆ ಸರಿ.

ಹೆಸರುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೂ ಇದೆ. ಎಷ್ಟೋ ಊರುಗಳಲ್ಲಿ ಕೇರಿಗಳಿಗೆ ಜಾತಿಯ ಹೆಸರು ಅಂಟಿಕೊಂಡಿರುತ್ತದೆ. ಅಲ್ಲಿಯ ತರುಣರು ನಾಯಕರೊಬ್ಬರ ಹೆಸರಿಟ್ಟು ಬೋರ್ಡು ನೆಟ್ಟಿರುತ್ತಾರೆ. ಹೊರಗಿನವರು ಹಳೆಯ ಹೆಸರನ್ನೇ ಹೇಳುತ್ತಿರುತ್ತಾರೆ. ಸ್ವಯಂಸೇವಕನು ರಸ್ತೆಯ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೇಳಿದರೆ ಒಂದು ಹೆಸರು ಸಿಗುತ್ತದೆ, ಕೇರಿಯೊಳಗೆ ಹೋಗಿ ಕೇಳಿದರೆ ಇನ್ನೊಂದು. ಈ ನಕ್ಷೆಯಲ್ಲಿ ಹೆಸರು, ಹಳೆಯ ಹೆಸರು, ಇನ್ನೊಂದು ಹೆಸರು, ಕನ್ನಡದ ಹೆಸರು ಎಂದು ಬೇರೆ ಬೇರೆ ಕೋಣೆಗಳಿರುವುದು ದೊಡ್ಡ ಉಪಕಾರ. ಆದರೆ ಮೊದಲ ಕೋಣೆಯಲ್ಲಿ ಯಾವುದು ಕೂರಬೇಕು? ಅಲ್ಲಿ ವಾಸಿಸುವವರು ತಮ್ಮನ್ನು ಕರೆದುಕೊಳ್ಳುವ ಹೆಸರೇ ಕೂರಬೇಕೆಂದು ನಾನು ಹೇಳುತ್ತೇನೆ. ‘ಹೆಸರಿನ ಕೋಣೆ ತುಂಬಿದೆ’ ಎಂದಷ್ಟೇ ಎಣಿಸುವ ಪರೀಕ್ಷೆಗೆ ಎರಡೂ ಒಂದೇ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಕೆಲವು ತಪ್ಪುಗಳನ್ನು ಯಂತ್ರವೇ ಹಿಡಿಯುತ್ತದೆ. ನಮ್ಮ ಊರನ್ನು ರೈಲುದಾರಿ ಎರಡು ಹೋಳು ಮಾಡಿದೆ. ಗೇಟಾಗಲಿ, ಕೆಳಸೇತುವೆಯಾಗಲಿ, ಮೇಲುಸೇತುವೆಯಾಗಲಿ 표ಇಲ್ಲದೆ ರಸ್ತೆಯ ಗೆರೆ ಹಳಿಯನ್ನು ದಾಟಿದ್ದರೆ, ತುಂಗಭದ್ರೆಯನ್ನು ಸೇತುವೆಯಿಲ್ಲದೆ ಹಾದಿದ್ದರೆ, ಅಲ್ಲೇನೋ ಸರಿಯಿಲ್ಲವೆಂದು ಕುಳಿತಲ್ಲಿಯೇ ತಿಳಿಯಬಹುದು. ಈಚೆಗೆ ಉಪಗ್ರಹ ಚಿತ್ರಗಳಿಂದ ಮನೆಗಳನ್ನೂ ರಸ್ತೆಗಳನ್ನೂ ಯಂತ್ರಗಳೇ ಗುರುತಿಸಿಕೊಡುವುದರಿಂದ ಪೂರ್ಣತೆಯ ಅಂಕಿ ಒಮ್ಮೆಲೆ ಏರಬಹುದು. ಆ ಮನೆಗಳಲ್ಲಿ ಹುಲ್ಲಿನ ಬಣವೆಗಳೆಷ್ಟು ಎಂದು ನೋಡಲು ಮಾತ್ರ ಇನ್ನೂ ಕಾಲುಗಳೇ ಬೇಕು.

ದಾವಣಗೆರೆ ಮಹಾನಗರ ಪಾಲಿಕೆಗೆ ೪೫ ವಾರ್ಡುಗಳು. ಊರಿಗೆಲ್ಲ ಸೇರಿ ನೂರಕ್ಕೆ ೭೦ ಪೂರ್ಣ ಎಂದರೆ, ವಿದ್ಯಾನಗರದಲ್ಲಿ ೯೫ ಇದ್ದು ಇನ್ನೊಂದು ಕಡೆ ೩೦ ಇರುವುದು ಕಾಣುವುದಿಲ್ಲ. ಆದುದರಿಂದ ವಾರ್ಡಿಗೊಂದು ಸಾಲು, ಪೂರ್ಣತೆಗೆ ಒಂದು ಅಂಕಣ, ಸ್ಥಾನಕ್ಕೆ ಒಂದು, ಹೆಸರಿಗೆ ಒಂದು, ಕಡೆಯ ಸಲ ನಡೆದು ನೋಡಿದ ದಿನಾಂಕಕ್ಕೆ ಒಂದು, ಹೀಗೆ ಬರೆಯಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ. ಊರನ್ನು ೨೦೦ ಮೀಟರಿನ ಚೌಕಗಳಾಗಿ ಗೆರೆ ಹಾಕಿ, ಪ್ರತಿ ವಾರ್ಡಿನಿಂದಲೂ ಕೆಲವನ್ನು ಚೀಟಿ ಎತ್ತಿ ಆರಿಸುವುದು. ನಮಗೆ ಇಷ್ಟವಾದ ಚೌಕಗಳನ್ನು ಆರಿಸಿದರೆ ಬೆಣ್ಣೆದೋಸೆಯ ಹೋಟೆಲುಗಳ ಸುತ್ತಲೇ ಸುತ್ತುವ ಅಪಾಯವಿದೆ. ಆರಿಸಿದ ಚೌಕಕ್ಕೆ ಇಬ್ಬರು ಬೇರೆ ಬೇರೆ ದಿನ, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡದೆ, ಹೋಗಿ ಬರೆಯುವುದು. ಹೆಸರು ಬೋರ್ಡಿನಿಂದ ಬಂದದ್ದೋ ಬಾಯಿಂದ ಬಂದದ್ದೋ, ಕೇಳಿದ್ದು ಹೊರಗೋ ಒಳಗೋ ಎಂಬುದನ್ನೂ ಗುರುತು ಹಾಕಿಕೊಳ್ಳುವುದು. ಪಟ್ಟಿಗಳು ಭೂಗೋಳ ವಿಭಾಗದ ಬೀರುವಿನಲ್ಲಿ ಉಳಿಯುತ್ತವೆ. ಅಂತಿಮ ವರ್ಷದ ನಾವು ಹೋದರೂ ಎರಡನೆಯ ವರ್ಷದವರು ಅಲ್ಲಿಂದ ಮುಂದುವರಿಸಬಹುದು.

ದಿನವೂ ಹರಿಹರದಿಂದ ರೈಲಿನಲ್ಲಿ ಬರುವ ಗೆಳೆಯರು ತಮ್ಮ ಊರಿನ ಚೌಕಗಳನ್ನು ವಹಿಸಿಕೊಂಡಿದ್ದಾರೆ. ಅಲ್ಲಿ ಮಾತ್ರ ಒಂದು ವಿವಾದ ಉಳಿದಿದೆ. ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ. ಅದು ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದ್ದು. ಅಲ್ಲಿಯವರು ಸಂತೆಗೂ ರೈಲಿಗೂ ಬರುವುದು ಹರಿಹರಕ್ಕೆ, ಆದರೆ ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಅವರಿಲ್ಲ. ನದಿಯವರೆಗೆ ಎಣಿಸಿದರೆ ಹರಿಹರದ ಪೂರ್ಣತೆ ಒಂದು ಅಂಕಿ, ಆಚೆಯ ದಡವನ್ನೂ ಸೇರಿಸಿದರೆ ಇನ್ನೊಂದು. ಎರಡು ಅಂಕಿಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂದು ನಾನು ಸೂಚಿಸಿದ್ದೇನೆ. ಬೇಸಗೆಯಲ್ಲಿ ಹೊಳೆ ಇಳಿದ ಮೇಲೆ ದಡದ ಚೌಕಗಳಿಂದಲೇ ನಡೆಯಲು ತೊಡಗುವುದೆಂದು ಗೊತ್ತುಮಾಡಿದೆ.